ಹದಿನೇಳು ತಿಂಗಳ ಓರೆ ಬೆಳಕು

ಊರಿನವರೆಲ್ಲ ಅವನನ್ನು ರೀಲಣ್ಣ ಎಂದೇ ಕರೆಯುತ್ತಿದ್ದರು. ರೀಲು ಬಿಡುವವನು ಎಂಬ ಅರ್ಥದಲ್ಲಲ್ಲ. ಆ ವಿದ್ಯೆ ಅವನಿಗೆ ಒಲಿದೇ ಇರಲಿಲ್ಲ. ಸಣ್ಣದೊಂದು ಸುಳ್ಳು ಹೇಳಹೊರಟರೂ ಬಾಯಿಗಿಂತ ಮೊದಲು ಕಿವಿ ಕೆಂಪಾಗಿ ಗುಟ್ಟು ಬಿಟ್ಟುಕೊಡುತ್ತಿತ್ತು. ಇಪ್ಪತ್ತೆರಡು ವರ್ಷ ಚಿತ್ರಮಂದಿರವೊಂದರ ಪ್ರೊಜೆಕ್ಟರ್ ಕೋಣೆಯಲ್ಲಿ ರೀಲು ಸುತ್ತಿ, ಜೋಡಿಸಿ, ಓಡಿಸಿದವನು, ಹಾಗಾಗಿ ರೀಲಣ್ಣ. ಆ ಕೋಣೆಯಲ್ಲಿ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಬೇಸಿಗೆಯಲ್ಲಿ ಬನಿಯನ್ನಿನಲ್ಲೇ ಕೂತಿರುತ್ತಿದ್ದ. ಕೆಳಗೆ ಕೂತವರು ಪರದೆ ನೋಡುತ್ತಿದ್ದರೆ ಅವನು ಕಿರಣ ನೋಡುತ್ತಿದ್ದ. ದೀಪ ಒಂದು ಕೂದಲೆಳೆ ಸರಿದರೂ ಪರದೆಯ ಮೂಲೆ ಮಂಕಾಗುತ್ತದೆ, ಮೂಲೆ ಮಂಕಾದರೆ ಬಾಲ್ಕನಿಯಿಂದ ಸಿಳ್ಳೆ ಬರುತ್ತದೆ. ಸಿಳ್ಳೆ ಬರುವ ಮೊದಲೇ ಸರಿಪಡಿಸಿಬಿಡುವುದು ಅವನ ಹೆಮ್ಮೆಯಾಗಿತ್ತು.

ಅವನಿಗೆ ನಲವತ್ತಮೂರು ತುಂಬಿದ ವರ್ಷ ಚಿತ್ರಮಂದಿರ ಮುಚ್ಚಿ, ಅಲ್ಲಿ ಸೋಫಾ ಅಂಗಡಿ ಬಂತು. ಎರಡು ತಿಂಗಳು ಮನೆಯಲ್ಲಿ ಕೂತ. ಮನೆಯೆಂದರೆ ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ನಡುವಿನ ಕೋಣೆಯಲ್ಲಿ ಅತ್ತೆಯ ಮಂಚ, ಹಿಂದೆ ಅಡುಗೆಮನೆ. ಹೆಂಡತಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು, ಕೆಟ್ಟ ಜಿಪ್ಪು ಬದಲಾಯಿಸುತ್ತಿದ್ದಳು. ರೀಲಣ್ಣ ಪಕ್ಕದಲ್ಲಿ ಕೂತು ಗುಂಡಿಗಳನ್ನು ಬಣ್ಣವಾರು ಡಬ್ಬಿಗೆ ಹಾಕುತ್ತಿದ್ದ. ಎಲ್ಲಾ ಗುಂಡಿಗಳೂ ಡಬ್ಬಿ ಸೇರಿದ ಮೇಲೆ ಗಾತ್ರವಾರು ಮತ್ತೆ ಬೇರ್ಪಡಿಸತೊಡಗಿದಾಗ ಹೆಂಡತಿಗೆ ಭಯವಾಯಿತು. ತಂಗಿಗೆ ಹೇಳಿಕಳಿಸಿದಳು.

ಆ ನಾದಿನಿ ಊರಾಚೆಯ ಗುಡ್ಡದ ಮೇಲಿನ ವಾಯುಮಂಡಲ ಕೇಂದ್ರದಲ್ಲಿ ನೆಲ ಒರೆಸುವ ಕೆಲಸಕ್ಕಿದ್ದಳು.

"ಭಾವ, ಅಲ್ಲಿ ಒಂದು ದೊಡ್ಡ ಲೈಟಿದೆ. ಅದನ್ನ ನೋಡ್ಕೊಳ್ಳೋಕೆ ಜನ ಬೇಕಂತೆ. ಓದಿದೋರು ಬರ್ತಾರೆ, ಎರಡೇ ತಿಂಗಳಿಗೆ ಓಡಿಹೋಗ್ತಾರೆ."

"ಯಾಕೆ?"

"ಬೇಜಾರಂತೆ. ಅಲ್ಲಿ ಏನೂ ಆಗೋದೇ ಇಲ್ಲವಂತೆ."

ಮಾರನೆಯ ದಿನ ರೀಲಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗುಡ್ಡ ಹತ್ತಿದ. ಕೇಂದ್ರದ ಮುಖ್ಯಸ್ಥೆಯನ್ನು ಅಲ್ಲಿಯವರೆಲ್ಲ ಮೇಡಂ ಎನ್ನುತ್ತಿದ್ದರು. ತೆಳ್ಳಗಿನ ಹೆಂಗಸು, ತುರುಬಿನಲ್ಲಿ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದರು. ಅವರು ಅವನ ಓದು ಎಷ್ಟಾಗಿದೆ ಎಂದು ಕೇಳಲೇ ಇಲ್ಲ.

"ಪ್ರೊಜೆಕ್ಟರಿನ ಕಿರಣದಲ್ಲಿ ಧೂಳು ಕಾಣುತ್ತಲ್ಲ, ಯಾವಾಗ ಜಾಸ್ತಿ ಕಾಣ್ತಿತ್ತು?"

"ಇಂಟರ್‌ವಲ್ ಆದ್ಮೇಲೆ ಮೇಡಂ. ಜನ ಎದ್ದು ಓಡಾಡಿರ್ತಾರೆ, ಧೂಳೂ ಎದ್ದಿರುತ್ತೆ. ಬೆಳಗಿನ ಮೊದಲ ಆಟಕ್ಕೆ ಕಿರಣ ಕಾಣೋದೇ ಕಷ್ಟ."

"ಪೂರ್ತಿ ಕಾಣಲ್ವಾ?"

"ಪೂರ್ತಿ ಅಂದ್ರೆ ಇಲ್ಲ. ಖಾಲಿ ಹಾಲಿನಲ್ಲೂ ಒಂಚೂರು ಇದ್ದೇ ಇರುತ್ತೆ. ಆ ಒಂಚೂರು ಎಷ್ಟು ಅಂತ ಗೊತ್ತಿದ್ರೆ ಆಮೇಲೆ ಕಿರಣ ನೋಡೇ ಜನ ಎಷ್ಟು ಬಂದಿದಾರೆ ಅಂತ ಹೇಳಬಹುದು."

ಮೇಡಂ ತುರುಬಿನಿಂದ ಪೆನ್ಸಿಲ್ ತೆಗೆದು ಏನೋ ಬರೆದುಕೊಂಡರು. "ನಾಳೆಯಿಂದ ಬನ್ನಿ," ಎಂದರು.

ಕೆಲಸ ಹೀಗಿತ್ತು. ಗುಡ್ಡದ ಮೇಲೊಂದು ಉದ್ದನೆಯ ಕೋಣೆ, ಅದರ ಚಾವಣಿಯಲ್ಲಿ ಸರಿಯುವ ಬಾಗಿಲು. ಹೊತ್ತು ಮುಳುಗುತ್ತಲೇ ಬಾಗಿಲು ಸರಿಸಿ, ಹಸಿರು ಲೇಸರ್ ಬೆಳಕನ್ನು ಸೆಕೆಂಡಿಗೆ ಇಪ್ಪತ್ತು ಮಿಣುಕಿನಂತೆ ನೆಟ್ಟಗೆ ಆಕಾಶಕ್ಕೆ ಬಿಡುವುದು. ಪಕ್ಕದಲ್ಲಿ ಸೈಕಲ್ ಚಕ್ರದಷ್ಟು ಅಗಲದ ಕನ್ನಡಿಯಿರುವ ಟೆಲಿಸ್ಕೋಪು. ಮೇಲೆ ಹೋದ ಬೆಳಕಿನಲ್ಲಿ ಒಂದು ಚಿಟಿಕೆಯಷ್ಟು ಗಾಳಿಗೋ ಹನಿಗೋ ತಾಗಿ ಹಿಂದಿರುಗುತ್ತದೆ, ಅದನ್ನು ಈ ಕನ್ನಡಿ ಹಿಡಿಯುತ್ತದೆ. ಎಷ್ಟು ಹೊತ್ತಿಗೆ ಬಂತು ಎಂಬುದರಿಂದ ಎಷ್ಟು ಎತ್ತರದಿಂದ ಬಂತೆಂದು ಗೊತ್ತಾಗುತ್ತದೆ. ಇಪ್ಪತ್ತು ಕಿಲೋಮೀಟರ್ ಮೇಲೆ ಹೋಗಿ ವಾಪಸು ಬರಲು ಬೆಳಕಿಗೆ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತ ತುಸು ಹೆಚ್ಚು ಸಮಯ ಸಾಕು. ಈ ಇಡೀ ಸಲಕರಣೆಗೆ ಲೈಡಾರ್ ಎಂದು ಹೆಸರು. ರೀಲಣ್ಣ ಮಾತ್ರ ಕೊನೆಯವರೆಗೂ "ನಮ್ಮ ಮಿಷನ್ನು" ಎಂದೇ ಹೇಳುತ್ತಿದ್ದ.

ಮೇಡಂಗೆ ಬೇಕಾದದ್ದು ಮೋಡವೂ ಅಲ್ಲ, ಮಳೆಯೂ ಅಲ್ಲ. ಅವೆಲ್ಲಕ್ಕೂ ಮೇಲೆ, ಸ್ಟ್ರಾಟೋಸ್ಫಿಯರ್ ಎನ್ನುವ ಪದರದಲ್ಲಿ, ಗಂಧಕಾಮ್ಲದ ಅತಿ ಸಣ್ಣ ಹನಿಗಳು ತೇಲುತ್ತಿರುತ್ತವೆ. ದೊಡ್ಡ ಜ್ವಾಲಾಮುಖಿಯೊಂದು ಸಿಡಿದರೆ ಅವು ಹತ್ತಾರು ಪಟ್ಟು ಹೆಚ್ಚಿ, ನೆಲಕ್ಕೆ ಬರುವ ಬಿಸಿಲನ್ನೇ ತುಸು ತಡೆಯುತ್ತವೆ. ಯಾವುದೂ ಸಿಡಿಯದ ವರ್ಷಗಳಲ್ಲೂ ಒಂದಿಷ್ಟು ಇದ್ದೇ ಇರುತ್ತವೆ. ಆ ಸದಾ ಇರುವ ಒಂದಿಷ್ಟಕ್ಕೆ ಕೇಂದ್ರದವರು 'ಹಿನ್ನೆಲೆ' ಎನ್ನುತ್ತಿದ್ದರು. ಮೇಡಂ ಅಳೆಯುತ್ತಿದ್ದುದು ಅದನ್ನೇ. ರೀಲಣ್ಣ ಅದನ್ನು ಧೂಳು ಎಂದಾಗಲೆಲ್ಲ ಮೇಡಂ "ಧೂಳಲ್ಲ, ಹನಿ" ಎಂದು ತಿದ್ದುತ್ತಿದ್ದರು. ಆರು ವರ್ಷ ತಿದ್ದಿ ಆಮೇಲೆ ಕೈಬಿಟ್ಟರು.

"ಏನೂ ಆಗಿಲ್ಲ ಅಂತ ನೋಡೋಕೆ ದಿನಾ ಸಾಯಂಕಾಲ ಗುಡ್ಡ ಹತ್ತುತ್ತೀರಾ?" ಎಂದು ಹೆಂಡತಿ ಕೇಳಿದಳು.

"ಆಗಿಲ್ಲ ಅಂತ ಯಾರಾದ್ರೂ ನೋಡ್ಬೇಕಲ್ಲ."

"ಸರಿ. ಬರುವಾಗ ಬಿಳಿ ದಾರ ತನ್ನಿ."

ಈ 'ಹಿನ್ನೆಲೆ' ಎಂಬ ಪದ ಅವನಿಗೆ ಒಂದು ಪಜೀತಿಯನ್ನೇ ತಂದಿಟ್ಟಿತು. ಅತ್ತೆ ಮಹಡಿ ಮೇಲಿನ ಮನೆಯಾಕೆಗೆ, "ನಮ್ಮ ಅಳಿಯಂದಿರು ಸಿನಿಮಾ ಬಿಟ್ಟು ಈಗ ಹಿನ್ನೆಲೆಗೆ ಹೋಗಿದಾರೆ," ಎಂದು ಹೆಮ್ಮೆಯಿಂದ ಹೇಳಿದ್ದರು. ಸಿನಿಮಾ, ಹಿನ್ನೆಲೆ ಎರಡನ್ನೂ ಕೂಡಿಸಿದರೆ ಬರುವುದು ಒಂದೇ ಉತ್ತರ. ಮಹಡಿಯಾಕೆ ತಮ್ಮ ಮಗಳ ಮದುವೆಯ ಕರೆಯೋಲೆ ಹಿಡಿದು ಬಂದು, "ಅಣ್ಣ, ನೀವು ಹಿನ್ನೆಲೆ ಗಾಯಕರು ಅಂತ ಇಷ್ಟು ದಿನ ಗೊತ್ತೇ ಇರಲಿಲ್ಲ ನೋಡಿ. ಎರಡೇ ಎರಡು ಹಾಡು ಹೇಳ್ಬೇಕು," ಎಂದರು. ರೀಲಣ್ಣ ಅವರನ್ನು ಕೂರಿಸಿ, ಗಂಧಕಾಮ್ಲದಿಂದ ಹಿಡಿದು ಜ್ವಾಲಾಮುಖಿಯವರೆಗೆ ಅರ್ಧ ಗಂಟೆ ಬಿಡಿಸಿ ಹೇಳಿದ. ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

"ಅದೆಲ್ಲಾ ಸರಿ," ಎಂದರು ಕೊನೆಗೆ. "ಒಂದಾದ್ರೂ ಹೇಳಿ."

ಮದುವೆಯಲ್ಲಿ ಅವನು ಒಂದು ಹಾಡಿನ ಪಲ್ಲವಿ ಹೇಳಿದ. ಆಮೇಲೆ ಆ ಮನೆಯವರಾರೂ ಮತ್ತೆ ಕೇಳಲಿಲ್ಲ.

ಅವನು ಕೆಲಸಕ್ಕೆ ಸೇರಿ ಎರಡು ವರ್ಷವಾದಾಗ ಇದೇ ಹನಿಗಳನ್ನು ಮೇಲಿನಿಂದ ಅಳೆಯುವ ಉಪಗ್ರಹವೊಂದು ಹಾರಿತು. ಅದರಲ್ಲೂ ಒಂದು ಲೇಸರ್. ಇವನದು ಕೆಳಗಿನಿಂದ ಮೇಲಕ್ಕೆ, ಅದರದು ಮೇಲಿನಿಂದ ಕೆಳಕ್ಕೆ. ಹದಿನಾರು ದಿನಕ್ಕೊಮ್ಮೆ ಅದು ಗುಡ್ಡದ ಸಮೀಪದಲ್ಲೇ ಹಾದುಹೋಗುತ್ತಿತ್ತು. ಅಂದು ಎರಡೂ ಕಡೆಯವರು ಒಂದೇ ಹೊತ್ತಿಗೆ ಅಳೆದು, ಮಾರನೆಯ ಬೆಳಿಗ್ಗೆ ಹನ್ನೊಂದಕ್ಕೆ ಫೋನಿನಲ್ಲಿ ಅಂಕಿ ಹೋಲಿಸಿಕೊಳ್ಳಬೇಕು. ಆ ಕಡೆಯಿಂದ ಮಾತಾಡುತ್ತಿದ್ದವರು ದೂರದ ಪಟ್ಟಣವೊಂದರ ಉಪಗ್ರಹ ಕಚೇರಿಯ ಅಧಿಕಾರಿ. ರೀಲಣ್ಣನದೇ ವಯಸ್ಸು, ದಪ್ಪ ದನಿ, ಪ್ರತಿ ಮಾತಿನ ಹಿಂದೆ ಒಂದು ಕೆಮ್ಮು. ಮೊದಮೊದಲು "ಸಾರ್, ಸಾರ್" ಎಂದು ನಡೆದ ಮಾತು ಒಂದು ವರ್ಷದಲ್ಲಿ ಬೇರೆ ದಾರಿ ಹಿಡಿಯಿತು. ಅವರು ಇವನನ್ನು "ನೆಲದವರೇ" ಎಂದು ಕರೆಯತೊಡಗಿದರು. ಇವನು ಅವರನ್ನು "ಮೇಲಿನವರೇ" ಎಂದ. ಅದೇ ಹೆಸರು ನಿಂತುಬಿಟ್ಟಿತು. ಮುಖ ನೋಡದೆಯೇ ಒಬ್ಬರಿಗೊಬ್ಬರು ಮಂಡಿ ನೋವು, ಅಕ್ಕತಂಗಿಯರ ಮನಸ್ತಾಪ, ಅವರವರ ಮೇಲಧಿಕಾರಿಗಳ ಗುಣಾವಗುಣ ಎಲ್ಲವನ್ನೂ ಹೇಳಿಕೊಂಡರು. ಅಂಕಿ ಹೋಲಿಸಲು ಐದು ನಿಮಿಷ, ಮಿಕ್ಕಿದ್ದಕ್ಕೆ ಐವತ್ತು.

ಒಂದು ಭಾನುವಾರ ಮೇಲಿನವರು ಮನೆಗೇ ಫೋನ್ ಮಾಡಿದರು. ಎತ್ತಿಕೊಂಡವರು ಅತ್ತೆ.

"ಯಾರು?"

"ಅಮ್ಮ, ಮೇಲಿನವರು ಫೋನ್ ಮಾಡಿದಾರೆ ಅಂತ ಹೇಳಿ, ಅವರಿಗೆ ಗೊತ್ತಾಗುತ್ತೆ."

ಅತ್ತೆಗೆ ಆಗ ಎಪ್ಪತ್ತಾರು. ಸೆರಗು ಸರಿಮಾಡಿಕೊಂಡರು. ಆಮೇಲೆ ಬಹಳ ಮರ್ಯಾದೆಯಿಂದ, "ಈಗ ಆಗಲ್ಲಪ್ಪ, ಇನ್ನೊಂದಿಷ್ಟು ವರ್ಷ ಬಿಟ್ಟು ಮಾಡಿ," ಎಂದು ಫೋನು ಕೆಳಗಿಟ್ಟರು.

ಹೀಗೆ ಐದು ವರ್ಷ ನೆಲದ ಅಂಕಿಯೂ ಮೇಲಿನ ಅಂಕಿಯೂ ಅಣ್ಣತಮ್ಮಂದಿರಂತೆ ಒಂದೇ ಹಾದಿಯಲ್ಲಿ ನಡೆದವು. ಬರಿಯ ಗಾಳಿಯಿಂದ ಬರುವ ಬೆಳಕು ನೂರು ಎಂದಿಟ್ಟುಕೊಂಡರೆ ಹನಿಗಳಿಂದ ಬರುವುದು ಆರು. ಒಮ್ಮೆ ಐದೂವರೆ, ಒಮ್ಮೆ ಆರೂಕಾಲು, ತಿರುಗಿ ಆರು.

ಇಷ್ಟು ಸಣ್ಣದನ್ನು ಹಿಡಿಯಬೇಕಾದರೆ ಕಿರಣ ನೆಟ್ಟಗಿರಬೇಕು. ಮೂವತ್ತು ಕಿಲೋಮೀಟರಿನ ಆಚೆ ಹನಿಗಳೇ ಇಲ್ಲವೆನ್ನುವಷ್ಟು ಶುದ್ಧ ಗಾಳಿ. ಅಲ್ಲಿಂದ ಮರಳಿದ ಬೆಳಕನ್ನೇ ಅಳತೆಗೋಲು ಮಾಡಿಕೊಂಡು, ಕೆಳಗಿನ ಪದರದಲ್ಲಿ ಅದಕ್ಕಿಂತ ಹೆಚ್ಚಿಗೆ ಎಷ್ಟು ಬಂತೆಂದು ನೋಡುವುದು. ಕಿರಣ ಒಂದಿಷ್ಟೇ ಓರೆಯಾದರೂ ಅಷ್ಟು ಮೇಲೆ ಹೋಗುವಷ್ಟರಲ್ಲಿ ಅದರ ಅಂಚು ಟೆಲಿಸ್ಕೋಪಿನ ಕಣ್ಣಳತೆಯಿಂದ ಜಾರುತ್ತದೆ. ಆಗ ಅಳತೆಗೋಲೇ ಗಿಡ್ಡವಾಗುತ್ತದೆ, ಗಿಡ್ಡ ಕೋಲಿನಲ್ಲಿ ಅಳೆದದ್ದೆಲ್ಲ ಉದ್ದವಾಗಿ ಕಾಣುತ್ತದೆ. ಹಾಗಾಗದಂತೆ ವಾರಕ್ಕೊಂದು ಸಲ ಪರೀಕ್ಷೆ. ಕಿರಣವನ್ನು ಮೇಲಕ್ಕೆ ತಿರುಗಿಸುವ ಪುಟ್ಟ ಕನ್ನಡಿಯನ್ನು ತಿರುಪಿನಿಂದ ನಾಲ್ಕೂ ಕಡೆಗೆ ಇಷ್ಟಿಷ್ಟೇ ವಾಲಿಸಿ, ಅತಿ ಎತ್ತರದ ಬೆಳಕು ಎಲ್ಲಿ ಹೆಚ್ಚೋ ಅಲ್ಲಿ ನಿಲ್ಲಿಸಬೇಕು. ಒಂದೂವರೆ ಗಂಟೆಯ ಕೆಲಸ. ಮುಗಿದ ಮೇಲೆ ಹಾಳೆಯಲ್ಲಿ 'ಸರಿಯಿದೆ' ಎಂಬುದರ ಮುಂದೆ ಟಿಕ್ ಹಾಕಿ ಸಹಿ.

ಅವನಿಗೆ ಐವತ್ತಾದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಿಂದ ಬಂದ ಮೇಲೆ ರಾತ್ರಿ ಒಂಬತ್ತಕ್ಕೆ ಅವರನ್ನು ಎತ್ತಿ ಮಗ್ಗುಲು ಬದಲಾಯಿಸಬೇಕು, ಹೆಂಡತಿಯೊಬ್ಬಳಿಂದ ಆಗುವಂಥದ್ದಲ್ಲ. ರೀಲಣ್ಣ ಎಂಟೂವರೆಗೇ ಗುಡ್ಡ ಇಳಿಯಬೇಕಾಯಿತು. ಪರೀಕ್ಷೆಗೆ ಹತ್ತು ನಿಮಿಷದ ಒಂದು ಅಡ್ಡದಾರಿಯಿತ್ತು: ಹತ್ತು ಕಿಲೋಮೀಟರ್ ಎತ್ತರದ ಬೆಳಕು ಚೆನ್ನಾಗಿದೆಯೇ ಎಂದಷ್ಟೇ ನೋಡುವುದು. ಚೆನ್ನಾಗಿಯೇ ಇತ್ತು. ಒಂದು ವಾರ ಹಾಗೆ ಮಾಡಿದ, ಎರಡು ವಾರ ಮಾಡಿದ. ಅತ್ತೆ ಆರು ತಿಂಗಳಿಗೆ ಕೋಲೂರಿಕೊಂಡು ಓಡಾಡತೊಡಗಿದರೂ ಅಡ್ಡದಾರಿ ಮಾತ್ರ ಅವನಿಗೆ ರೂಢಿಯಾಗಿಹೋಗಿತ್ತು.

ಅತ್ತೆ ಬಿದ್ದ ಒಂದೆರಡು ತಿಂಗಳಿಗೇ ಅಂಕಿ ಏರಲು ಶುರುವಾಯಿತು. ಆರೂವರೆ. ಆರೂಮುಕ್ಕಾಲು. ವರ್ಷದ ಕೊನೆಗೆ ಏಳೂವರೆ.

ಮೇಡಂ ಮೊದಲು ನಂಬಲಿಲ್ಲ, ಆಮೇಲೆ ನಿದ್ದೆ ಬಿಟ್ಟರು. ಜಗತ್ತಿನಲ್ಲಿ ಎಲ್ಲೂ ಜ್ವಾಲಾಮುಖಿ ಸಿಡಿದಿಲ್ಲ, ಹಿನ್ನೆಲೆ ಮಾತ್ರ ತಾನಾಗಿ ಏರುತ್ತಿದೆ. ಇದು ನಿಜವಾದರೆ ಸಣ್ಣ ಸುದ್ದಿಯಲ್ಲ. ಅವರು ಕಾರಣಗಳನ್ನು ಹುಡುಕಿದರು, ಪ್ರಬಂಧ ಬರೆದರು. ದೊಡ್ಡದೊಂದು ಸಮ್ಮೇಳನದಲ್ಲಿ ಮಾತಾಡಲು ಕರೆ ಬಂತು. ಕೇಂದ್ರದಲ್ಲಿ ಎಲ್ಲರ ನಡಿಗೆಯೂ ಚುರುಕಾಯಿತು. "ಕೊನೆಗೂ ನಿಮ್ಮಲ್ಲಿ ಏನೋ ಆಯ್ತಲ್ಲ ಭಾವ," ಎಂದಳು ನಾದಿನಿ. ರೀಲಣ್ಣನೂ ಹಿಗ್ಗಿದ. ಎಂಟು ವರ್ಷ ಖಾಲಿ ಪರದೆ ನೋಡಿದವನಿಗೆ ನಾಯಕ ಬಂದಂತಾಗಿತ್ತು.

ಉಪಗ್ರಹದ ಅಂಕಿ ಮಾತ್ರ ಆರರಲ್ಲೇ ಕೂತಿತ್ತು.

ಸಮ್ಮೇಳನಕ್ಕೆ ಹತ್ತು ದಿನ ಉಳಿದಿದ್ದಾಗ ಹದಿನಾರನೆಯ ದಿನದ ಫೋನು ಬಂತು. ಇವನದು ಎಂಟೂವರೆ, ಅವರದು ಆರು. ಮೇಲಿನವರು ಕೆಮ್ಮಿದರು.

"ನೆಲದವರೇ, ಒಂದು ವಿಷಯ. ನಮ್ಮ ಲೇಸರಿಗೆ ವಯಸ್ಸಾಯ್ತು. ಏಳು ವರ್ಷ ದುಡಿದಿದೆ. ತಪ್ಪು ನಮ್ಮದೇ ಇರ್ಬೇಕು ಅಂತ ಮೊನ್ನೆ ಕೂತು ಮಾತಾಡಿದ್ವಿ."

"ಅಂದ್ರೆ?"

"ನಿಮ್ಮ ಅಂಕಿಗೆ ಹೊಂದೋ ಹಾಗೆ ನಮ್ಮದನ್ನ ತಿದ್ದಿಕೊಳ್ತೀವಿ."

"ನಮ್ಮ ಊರಿನ ಮೇಲಿಂದು ಮಾತ್ರ ತಾನೆ?"

"ಅದು ಹೇಗಾಗುತ್ತೆ? ಇಡೀ ಭೂಮಿದು. ನಿಮ್ಮಷ್ಟು ಶಿಸ್ತಾಗಿ ಪರೀಕ್ಷೆ ಮಾಡೋರು ಇನ್ಯಾರಿದಾರೆ ಹೇಳಿ. ಪ್ರತಿ ವಾರದ ಹಾಳೆ ನನ್ನ ಮುಂದೇನೇ ಇದೆ, ಒಂದು ಟಿಕ್ಕೂ ತಪ್ಪಿಲ್ಲ."

ರೀಲಣ್ಣನ ಎರಡೂ ಕಿವಿ ಬಿಸಿಯಾದವು. "ಎರಡು ದಿನ ತಡೀರಿ," ಎಂದಷ್ಟೇ ಹೇಳಿ ಫೋನಿಟ್ಟ. ಮಂಡಿ ನೋವಿನ ವಿಚಾರಕ್ಕೆ ಅಂದು ಹೋಗಲೇ ಇಲ್ಲ.

ಅಂದು ಸಂಜೆ ಆಕಾಶ ತೊಳೆದಿಟ್ಟಂತಿತ್ತು. ಚಾವಣಿಯ ಬಾಗಿಲು ಸರಿಸಿ, ತಿರುಪುಗಳನ್ನು ಹಿಡಿದು ಪೂರ್ತಿ ಪರೀಕ್ಷೆಗೆ ಕೂತ. ಒಂದೂವರೆ ವರ್ಷದ ಮೇಲೆ ಮೊದಲ ಸಲ. ಹತ್ತು ಕಿಲೋಮೀಟರಿನಲ್ಲಿ ಎಲ್ಲ ಸರಿಯಿತ್ತು. ಮೂವತ್ತರ ಮೇಲೆ ನೋಡಿದ. ಕನ್ನಡಿಯನ್ನು ಎಡಕ್ಕೆ ವಾಲಿಸಿದಾಗ ಬೆಳಕು ಕಡಿಮೆಯಾಯಿತು, ಅದು ಸಹಜ. ಬಲಕ್ಕೆ ವಾಲಿಸಿದ. ಕಡಿಮೆಯಾಗಬೇಕಿದ್ದ ಬೆಳಕು ಹೆಚ್ಚಿತು. ಇನ್ನಷ್ಟು ಬಲಕ್ಕೆ, ಇನ್ನಷ್ಟು ಹೆಚ್ಚಿತು. ಎದ್ದು ಹೋಗಿ ಕನ್ನಡಿ ಕೂರಿಸಿದ್ದ ಕಬ್ಬಿಣದ ಚೌಕಟ್ಟಿನ ಮೇಲೆ ಅಂಗೈ ಇಟ್ಟ. ಚೌಕಟ್ಟು ಬೆಕ್ಕಿನ ಹೊಟ್ಟೆಯ ಹಾಗೆ ಗುರ್‌ಗುಟ್ಟುತ್ತಿತ್ತು. ಗೋಡೆಯ ಆಚೆ ಬದಿಗೆ ಹೋಗಿ ನೋಡಿದರೆ, ಅದೇ ಗೋಡೆಗೆ ನೇತುಹಾಕಿದ್ದ ಹೊಸ ಎ.ಸಿ.ಯ ಹೊರಗಿನ ಯಂತ್ರ. ಅದನ್ನು ಹಾಕಿ ಹದಿನೇಳು ತಿಂಗಳಾಗಿತ್ತು. ಅಷ್ಟು ದಿನದ ನಡುಕಕ್ಕೆ ಚೌಕಟ್ಟಿನ ಒಂದು ತಿರುಪು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಸಡಿಲಗೊಂಡು, ಕಿರಣ ಓರೆಯಾಗುತ್ತ ಬಂದಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಹೊಲಿಗೆ ನಿಲ್ಲಿಸಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದಳು.

"ಈಗ ತಿರುಪು ಬಿಗಿ ಮಾಡಿದ್ರಾ?"

"ಮಾಡಿದೆ."

"ಹಾಗಾದ್ರೆ ಇನ್ನು ಮುಂದೆ ಸರಿಯಾಗುತ್ತಲ್ಲ."

"ಇನ್ನು ಮುಂದೆ ಸರಿ. ಹಿಂದಿನದು? ಮೇಡಂ ಅದನ್ನ ಹಿಡ್ಕೊಂಡು ಊರೆಲ್ಲ ಹೇಳೋಕೆ ಹೊರಟಿದಾರೆ."

ಅವಳು ದಾರದುಂಡೆಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಆಮೇಲೆ ದನಿ ತಗ್ಗಿಸಿ, ನಡುವಿನ ಕೋಣೆಯ ಕಡೆ ನೋಡಿ, "ಅಮ್ಮನ ಸೊಂಟದ ವಿಷಯ ಹೇಳ್ತೀರಾ ಮೇಡಂಗೆ?" ಎಂದಳು.

"ಅದನ್ಯಾಕೆ ಹೇಳಲಿ? ಅವರು ಜಾರಿದ್ದು ಬಚ್ಚಲಲ್ಲಿ. ನಾನು ಜಾರಿದ್ದು ಗುಡ್ಡದ ಮೇಲೆ. ಅವರಿಗೆ ಗೊತ್ತೂ ಆಗಬಾರದು."

"ನನಗೆ ಆಗಲೇ ಕೇಳಿಸ್ತು," ಎಂದರು ಅತ್ತೆ ಮಂಚದ ಮೇಲಿನಿಂದ. "ಕಿವಿಗೇನೂ ಏಟು ಬಿದ್ದಿಲ್ಲ. ಬೆಳಗ್ಗೆ ಬೇಗ ಎದ್ದು ಹೋಗಿ ಹೇಳಿಬಿಡಿ. ತಡ ಮಾಡಿದಷ್ಟೂ ಬಾಯಿ ಒಣಗುತ್ತೆ."

ಬೆಳಿಗ್ಗೆ ಮೇಡಂ ಸಮ್ಮೇಳನದ ಚಿತ್ರಗಳನ್ನು ಗೋಡೆಯ ಮೇಲೆ ಒಂದೊಂದಾಗಿ ಬಿಡುತ್ತ ಅಭ್ಯಾಸ ಮಾಡುತ್ತಿದ್ದರು. ಮೇಲಕ್ಕೆ ಏರುವ ಗೆರೆ ಅರ್ಧ ಗೋಡೆಯಷ್ಟಿತ್ತು. ರೀಲಣ್ಣ ಬಾಗಿಲಲ್ಲೇ ನಿಂತ.

"ಮೇಡಂ, ಆ ಗೆರೆ ಸುಳ್ಳು."

"ಏನಂದ್ರಿ?"

"ಕಿರಣ ಓರೆಯಾಗಿದೆ. ನಿನ್ನೆ ಸಂಜೆ ಪೂರ್ತಿ ಪರೀಕ್ಷೆ ಮಾಡಿದೆ. ಎ.ಸಿ. ಹಾಕಿದಾಗಿಂದ ಆಗಿರ್ಬೇಕು."

"ಪ್ರತಿ ವಾರ ಪರೀಕ್ಷೆ ಆಗಿದೆ. ಹಾಳೇಲಿ ಟಿಕ್ ಇದೆ."

"ಟಿಕ್ ನಾನೇ ಹಾಕಿದ್ದು ಮೇಡಂ. ಪರೀಕ್ಷೆ ಪೂರ್ತಿ ಮಾಡಿರ್ಲಿಲ್ಲ. ಹತ್ತು ನಿಮಿಷದ್ದು ಮಾಡಿ ಹಾಕ್ತಿದ್ದೆ."

ಮೇಡಂ ಪ್ರೊಜೆಕ್ಟರ್ ಆರಿಸಲಿಲ್ಲ. ಆ ಗೆರೆ ಅವರ ಭುಜದ ಮೇಲೆಯೂ ಬಿದ್ದಿತ್ತು. ಅವರು ತುರುಬಿನಿಂದ ಪೆನ್ಸಿಲ್ ತೆಗೆದರು, ಬರೆಯಲು ಏನೂ ಇಲ್ಲದೆ ಮತ್ತೆ ಅಲ್ಲೇ ಸಿಕ್ಕಿಸಿದರು.

"ಯಾಕೆ ಅಂತ ಕೇಳಲಾ?"

"ಬೇಗ ಮನೆಗೆ ಹೋಗ್ಬೇಕಿತ್ತು. ಆಮೇಲೆ ಬೇಕಿರ್ಲಿಲ್ಲ, ಆದ್ರೂ ಮಾಡ್ಲಿಲ್ಲ."

"ನಾನೂ ಒಂದು ಸಲ ಮೇಲೆ ಬಂದು ನೋಡಬಹುದಿತ್ತು," ಎಂದರು ಮೇಡಂ. "ಏರ್ತಾ ಇದೆ ಅಂತ ಖುಷಿಯಲ್ಲಿದ್ದೆ. ಖುಷಿಯಲ್ಲಿ ಯಾರೂ ತಿರುಪು ನೋಡಲ್ಲ." ಬಾಗಿಲ ಕಡೆ ಕೈ ತೋರಿಸಿ, "ಈಗ ಹೊರಗೆ ಹೋಗಿ. ನನಗೆ ನಿಮ್ಮ ಮೇಲೆ ತುಂಬ ಸಿಟ್ಟು ಬರ್ತಿದೆ, ಬಂದುಹೋಗಲಿ," ಎಂದರು.

ಮಧ್ಯಾಹ್ನ ಇಬ್ಬರೂ ಕೂತು ಹಾಳೆಗಳನ್ನು ತೆಗೆದರು. ಹದಿನೇಳು ತಿಂಗಳ ಅಂಕಿಗಳ ಮೇಲೂ 'ಬಳಸಬಾರದು' ಎಂದು ಬರೆಯಬೇಕಾಯಿತು. ಕಿರಣ ಯಾವ ದಿನ ಎಷ್ಟು ಓರೆಯಾಗಿತ್ತೆಂದು ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ, ಹಾಗಾಗಿ ತಿದ್ದುವ ಮಾತೇ ಇಲ್ಲ. ಅಂಥ ಆಕಾಶ ಮತ್ತೆ ಸಿಗುವುದಿಲ್ಲ. ಪ್ರತಿ ಹಾಳೆಗೂ ರೀಲಣ್ಣನೇ ಮುದ್ರೆ ಒತ್ತಿದ. ಎಪ್ಪತ್ತಮೂರು ಹಾಳೆ. ಅರವತ್ತು ದಾಟುವ ಹೊತ್ತಿಗೆ ಅವನ ಕಣ್ಣು ಮಂಜಾಗಿತ್ತು. ಮೇಡಂ ನೋಡಿಯೂ ನೋಡದವರ ಹಾಗೆ ಚಹಾ ತರಲು ಎದ್ದುಹೋದರು.

ಹದಿನಾರು ದಿನ ಕಾಯದೆ ಅವನು ಮೇಲಿನವರಿಗೆ ಫೋನ್ ಮಾಡಿದ. ಎಲ್ಲಾ ಹೇಳಿದ. ಆ ಕಡೆ ಕೆಮ್ಮು ಕೂಡ ಇಲ್ಲ.

"ಕೇಳಿಸ್ತಾ?"

"ಕೇಳಿಸ್ತು. ಅಂದ್ರೆ, ನಮ್ಮದು ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು."

"ನೀವು ಎರಡು ದಿನ ತಡೀರಿ ಅಂದ್ರಲ್ಲ, ನಾನು ತಡೀಲಿಲ್ಲ. ಅರ್ಧ ತಿದ್ದಿಯಾಗಿತ್ತು." ಆಮೇಲೆ ಅವರು ನಗತೊಡಗಿದರು. ನಗು ಕೆಮ್ಮಾಗಿ, ಕೆಮ್ಮು ನಗುವಾಗಿ, ಕೊನೆಗೆ ನೀರು ಕುಡಿದು ಬಂದರು. "ಪಾಪ ಅದು. ಏಳು ವರ್ಷ ಒಂದೇ ಸಮನೆ ಸರಿಯಾಗಿ ಹೇಳ್ತು, ನಾನು ಅದಕ್ಕೆ ವಯಸ್ಸಾಯ್ತು ಅಂದೆ. ನಮ್ಮ ಮನೇಲೂ ನನ್ನ ಹೀಗೇ ಮಾಡ್ತಾರೆ."

ಮೇಡಂ ಸಮ್ಮೇಳನಕ್ಕೆ ಹೋದರು. ಬರೆದುಕೊಂಡಿದ್ದ ಭಾಷಣವನ್ನು ಬದಿಗಿಟ್ಟು, ಏರುವ ಗೆರೆ ಹೇಗೆ ಹುಟ್ಟಿತು, ಹೇಗೆ ಸತ್ತಿತು ಎಂಬುದನ್ನೇ ಇಪ್ಪತ್ತು ನಿಮಿಷ ಹೇಳಿದರಂತೆ. ಚಪ್ಪಾಳೆ ಜೋರಾಗಿರಲಿಲ್ಲ. ಆದರೆ ಮುಂದಿನ ಎರಡು ವಾರದಲ್ಲಿ ಬೇರೆ ಬೇರೆ ಕೇಂದ್ರಗಳಿಂದ ಐದು ಜನ ಫೋನ್ ಮಾಡಿ, ಪೂರ್ತಿ ಪರೀಕ್ಷೆಯ ವಿಧಾನವನ್ನು ರೀಲಣ್ಣನಿಂದಲೇ ಕೇಳಿ ತಿಳಿದುಕೊಂಡರು. ಅವರಲ್ಲೊಬ್ಬರು ವಾರ ಬಿಟ್ಟು ಮತ್ತೆ ಮಾಡಿ, "ನಮ್ಮದೂ ಸ್ವಲ್ಪ ಓರೆ ಇತ್ತು. ಈಗ ಸರಿ ಮಾಡಿದೆ. ನಾನು ಫೋನ್ ಮಾಡಿದ್ದು ಮಾತ್ರ ಯಾರಿಗೂ ಹೇಳ್ಬೇಡಿ," ಎಂದರು. ರೀಲಣ್ಣ, ಅವರ ದನಿಯಲ್ಲಿದ್ದ ನಡುಕ ತನಗೆ ಚೆನ್ನಾಗಿ ಪರಿಚಯವಿದ್ದುದರಿಂದ, ಯಾರಿಗೂ ಹೇಳಲಿಲ್ಲ.

ಶಿಕ್ಷೆಯೂ ಆಯಿತು. ಎಚ್ಚರಿಕೆಯ ಪತ್ರವೊಂದು ಅವನ ಕಡತ ಸೇರಿತು. ಆರು ತಿಂಗಳು ಅವನ ಟಿಕ್‌ಗೆ ಬೆಲೆಯಿಲ್ಲ, ಪಕ್ಕದಲ್ಲಿ ಇನ್ನೊಬ್ಬರ ಸಹಿ ಬೇಕು. ಆ ಇನ್ನೊಬ್ಬರಾಗಿ ನೇಮಕಗೊಂಡವರು ಉಗ್ರಾಣದ ಗುಮಾಸ್ತರು. ಬಲ್ಬು, ಬೀಗ, ಪೊರಕೆಗಳ ಲೆಕ್ಕ ಬಿಟ್ಟರೆ ಬೇರೇನೂ ತಿಳಿಯದ ಅವರು ಪ್ರತಿ ವಾರ ಮಫ್ಲರ್ ಸುತ್ತಿಕೊಂಡು ಗುಡ್ಡದ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಮೊದಲ ವಾರ ಒಂದೂವರೆ ಗಂಟೆಯೂ ಆಕಳಿಸಿದರು. ಎರಡನೆಯ ವಾರ, "ಈಗ ಬಲಕ್ಕೆ ವಾಲಿಸಿದ್ರಲ್ಲ, ಯಾಕೆ ಕಮ್ಮಿ ಆಯ್ತು?" ಎಂದು ಕೇಳಿದರು. ರೀಲಣ್ಣ ಹೇಳಿಕೊಟ್ಟ. ನಾಲ್ಕನೆಯ ತಿಂಗಳ ಹೊತ್ತಿಗೆ ಗುಮಾಸ್ತರು, "ಅ ಅ, ಸ್ವಲ್ಪ ಜಾಸ್ತಿ ಆಯ್ತು, ಹಿಂದಕ್ಕೆ ಬನ್ನಿ," ಎಂದು ಹಿಂದೆ ನಿಂತು ಹೇಳುವಷ್ಟಾದರು. ಆರು ತಿಂಗಳು ಮುಗಿದ ಮೇಲೂ ಬರುವುದನ್ನು ಬಿಡಲಿಲ್ಲ. ಎ.ಸಿ.ಯ ಯಂತ್ರವನ್ನು ಅಂಗಳದಲ್ಲಿ ಬೇರೆಯೇ ಕಟ್ಟೆ ಕಟ್ಟಿಸಿ ಕೂರಿಸಿದ್ದೂ ಅವರೇ.

ಗೋಡೆಯ ಮೇಲೆ ತೂಗುಹಾಕಿದ ಅಂಕಿಗಳ ದೊಡ್ಡ ನಕ್ಷೆಯಲ್ಲಿ ಆ ಹದಿನೇಳು ತಿಂಗಳ ಜಾಗ ಬಿಳಿಯಾಗಿಯೇ ಉಳಿಯಿತು. ಅದರ ಆಚೆ ಆರು, ಈಚೆ ಆರು. ಬಂದವರು ಆ ಬಿಳಿ ಜಾಗದ ಮೇಲೆ ಬೆರಳಿಟ್ಟು ಇಲ್ಲೇನಾಯಿತು ಎಂದು ಕೇಳಿದರೆ, ಮೇಡಂ ಉತ್ತರ ಹೇಳುವ ಮೊದಲೇ ರೀಲಣ್ಣ, "ಅದು ನಾನು," ಎಂದುಬಿಡುತ್ತಿದ್ದ. ಮೊದಮೊದಲು ಹೇಳುವಾಗ ಕಿವಿ ಕೆಂಪಾಗುತ್ತಿತ್ತು. ಬರಬರುತ್ತ ಅದೂ ನಿಂತಿತು.

ಮತ್ತೆ ಎರಡು ವರ್ಷಕ್ಕೆ ಸಮುದ್ರದಾಚೆಯ ಬೆಟ್ಟವೊಂದು ನಿಜವಾಗಿಯೂ ಸಿಡಿಯಿತು. ಐದನೆಯ ವಾರದಲ್ಲಿ ಅದರ ಹನಿಗಳು ಗುಡ್ಡದ ಮೇಲೂ ಬಂದವು. ಹತ್ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ ಕತ್ತಿಯಂತೆ ತೆಳ್ಳನೆಯ ಪದರ, ಅಂಕಿ ನಲವತ್ತರ ಮೇಲೆ. ಟೀವಿಯವರು ಬಂದರು. "ಎಷ್ಟು ಪಟ್ಟು ಹೆಚ್ಚಾಗಿದೆ?" ಎಂದು ಅವರು ಕೇಳಿದಾಗ ಮೇಡಂ ಒಂದು ಕ್ಷಣವೂ ತಡೆಯದೆ, "ಸುಮಾರು ಏಳು ಪಟ್ಟು," ಎಂದರು. ಮನೆಯಲ್ಲಿ ಎಲ್ಲರೂ ಟೀವಿ ಮುಂದೆ ಕೂತು ನೋಡಿದರು. ಪರದೆಯ ಒಂದು ಮೂಲೆಯಲ್ಲಿ ರೀಲಣ್ಣನ ಮೊಣಕೈ ಕಂಡಿತು. ಅದು ಅವನದೇ ಎಂದು ಹೆಂಡತಿ ತಾನು ಹಾಕಿದ ತೇಪೆ ನೋಡಿ ಗುರುತಿಸಿದಳು.

ಅವನಿಗೆ ಐವತ್ತೇಳಾದಾಗ ಉಪಗ್ರಹದ ಇಂಧನ ಮುಗಿಯಿತು. ಮೇಲಿನವರು ಫೋನ್ ಮಾಡಿ, "ನಾಳೆ ಆರಿಸ್ತೀವಿ," ಎಂದು ಫೋನಿಟ್ಟರು. ರೀಲಣ್ಣ ಮೂರು ದಿನ ರಜೆ ಹಾಕಿ ರೈಲು ಹತ್ತಿದ. ನಿಲ್ದಾಣದಲ್ಲಿ ಕಾಯುತ್ತಿದ್ದವರು ದನಿಗೆ ಹೊಂದದಷ್ಟು ಸಣಕಲು ಮನುಷ್ಯ, ಕೆಮ್ಮಿದ್ದರಿಂದ ಗೊತ್ತಾಯಿತು. ಹನ್ನೆರಡು ವರ್ಷದ ಮಾತುಕತೆಯ ಮೇಲೆ ಎದುರೆದುರು ನಿಂತಾಗ ಇಬ್ಬರಿಗೂ ನಾಚಿಕೆಯಾಗಿ, ಆಟೋ ಹತ್ತುವವರೆಗೂ ಹವಾಮಾನದ ಬಗ್ಗೆ ಮಾತಾಡಿದರು. ಕಚೇರಿಯಲ್ಲಿ ಒಂದು ಸಾಲು ಕಂಪ್ಯೂಟರುಗಳು, ಒಂದು ಹೂವಿನ ಕುಂಡ, ಹತ್ತು ಹನ್ನೆರಡು ಜನ. ಯಾರೋ ಒಂದು ಗುಂಡಿ ಒತ್ತಿದರು. ಪರದೆಯ ಮೇಲಿನ ಗೆರೆ ಓಡುವುದನ್ನು ನಿಲ್ಲಿಸಿತು. ಅಷ್ಟೇ. ಮೇಲಿನವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು. ರೀಲಣ್ಣ ಅವರ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ.

ಮರಳಿ ಬಂದು ಹದಿನಾರನೆಯ ದಿನಕ್ಕೆ ಸರಿಯಾಗಿ ಹನ್ನೊಂದು ಗಂಟೆಗೆ ಫೋನು ಬಂತು. ಅಂದು ಅವನಿಗೆ ರಜೆ, ಮನೆಯಲ್ಲಿದ್ದ. ಗೋಡೆಗೊರಗಿ ಮುಕ್ಕಾಲು ಗಂಟೆ ಮಾತಾಡಿದ. ನಡುವೆ ಎದ್ದು ಹೋಗಿ ಅತ್ತೆಯ ಔಷಧಿ ಪೆಟ್ಟಿಗೆಯಿಂದ ಒಂದು ಚೀಟಿ ತಂದು ಏನೋ ಓದಿ ಹೇಳಿದ, ಆ ಕಡೆಯಿಂದ ಹೇಳಿದ್ದನ್ನು ಬರೆದುಕೊಂಡ.

"ಉಪಗ್ರಹ ಆರಿಸಿಯಾಯ್ತಲ್ಲ," ಎಂದಳು ಹೆಂಡತಿ. "ಇನ್ನೂ ಏನು ಅಂಕಿ ಹೋಲಿಸ್ತೀರಾ?"

"ಬೀಪೀದು," ಎಂದ ರೀಲಣ್ಣ. "ಅವರದು ನನಗಿಂತ ಹತ್ತು ಜಾಸ್ತಿ. ಅವರ ಮಿಷನ್ನೇ ತಪ್ಪಿರಬಹುದು, ಇನ್ನೊಂದರಲ್ಲಿ ನೋಡಿಸಿಕೊಳ್ಳಿ ಅಂದಿದೀನಿ."